ಮಗುವಿನ ಹೆಜ್ಜೆ: ಜನಪದ ತಿಳಿವು ಮತ್ತು ಚಲನವಿಜ್ಞಾನ

ಕನ್ನಡದಲ್ಲಿ ‘ನಡೆ’ ಎಂಬ ಪದಕ್ಕೆ ಎರಡು ಅರ್ಥಗಳುಂಟು. ಕಾಲಿನಿಂದ ಮುಂದೆ ಸಾಗುವುದು ಒಂದು, ಬಾಳುವ ರೀತಿ ಇನ್ನೊಂದು. ನಡಿಗೆ, ನಡತೆ, ನಡವಳಿಕೆ, ನಡೆನುಡಿ ಇವೆಲ್ಲವೂ ಒಂದೇ ಬೇರಿನಿಂದ ಹುಟ್ಟಿದ ಮಾತುಗಳು. ಮನುಷ್ಯನ ಗುಣವನ್ನು ಹೆಜ್ಜೆಯ ರೂಪಕದಿಂದಲೇ ಹೇಳುವ ಭಾಷೆಯೊಂದರಲ್ಲಿ, ಸರಿಯಾಗಿ ಹೆಜ್ಜೆ ಇಡಲಾರದ ಮಗುವಿನ ಸ್ಥಾನ ಯಾವುದು? ನಮ್ಮ ಸಮಾಜ ಈ ಪ್ರಶ್ನೆಗೆ ಕೊಟ್ಟ ಉತ್ತರ ಸಂತೋಷ ತರುವಂಥದ್ದಲ್ಲ. ದೇಹದ ತೊಡಕು ಮನೆತನದ ದೋಷವಾಗಿ, ಹಿಂದಿನ ಜನ್ಮದ ಕರ್ಮವಾಗಿ, ಬಹಳಷ್ಟು ಸಲ ಹೆತ್ತವಳ ತಪ್ಪಾಗಿ ಅರ್ಥ ಪಡೆದಿದೆ.

ಮಕ್ಕಳ ನಡಿಗೆಯ ತೊಂದರೆಗಳನ್ನು ಚಲನವಿಜ್ಞಾನ ಹೇಗೆ ಅರಿಯುತ್ತದೆ, ತಂತ್ರಜ್ಞಾನ ಅಲ್ಲಿ ಏನು ಮಾಡಬಲ್ಲದು ಎಂಬುದನ್ನು ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ. ಜಾನಪದ ವಿದ್ಯಾರ್ಥಿನಿಯೊಬ್ಬಳು ಈ ವಿಷಯವನ್ನು ಎತ್ತಿಕೊಳ್ಳಲು ಕಾರಣವಿದೆ. ಮಗು ನಡೆಯುವುದನ್ನು ಮೊದಲು ಗಮನಿಸುವವರು ವೈದ್ಯರಲ್ಲ. ಅಜ್ಜಿ, ತಾಯಿ, ಓಣಿಯ ಹೆಂಗಸರು. ಅವರ ತಿಳಿವು ಮತ್ತು ಪ್ರಯೋಗಾಲಯದ ತಿಳಿವು ಎಲ್ಲಿ ಕೂಡುತ್ತವೆ, ಎಲ್ಲಿ ಬೇರೆಯಾಗುತ್ತವೆ ಎಂಬುದು ಅನೇಕ ಮಕ್ಕಳ ಬದುಕನ್ನು ನಿರ್ಧರಿಸುವ ಸಂಗತಿಯಾಗಿದೆ.

1. ಜನಪದರ ಕಣ್ಣು

ಜನಪದರು ನಡಿಗೆಯನ್ನು ಸೂಕ್ಷ್ಮವಾಗಿ ನೋಡಿದವರು. ಅಂಬೆಗಾಲು, ದಟ್ಟಡಿ, ತುದಿಗಾಲು, ಕುಂಟು, ಕುಪ್ಪಳಿಕೆ, ಓಲಾಟ, ತೂರಾಟ, ಕಾಲೆಳೆತ, ಬಾತುಕೋಳಿ ನಡಿಗೆ ಮೊದಲಾದ ಪದಗಳಲ್ಲಿ ಒಂದೊಂದೂ ಬೇರೆ ಬೇರೆ ಚಲನೆಯನ್ನು ಹೇಳುತ್ತದೆ. ಸೊಂಟದ ಸ್ನಾಯುಗಳು ಸೋತಾಗ ದೇಹ ಅತ್ತಿತ್ತ ವಾಲುವ ನಡಿಗೆಯನ್ನು ವೈದ್ಯರು ಕೂಡ ಬಾತುಕೋಳಿಗೇ ಹೋಲಿಸುತ್ತಾರೆ.

ಮಗುವಿಗೆ ನಡೆ ಕಲಿಸುವ ಪರಿಕರಗಳೂ ನಮ್ಮಲ್ಲಿದ್ದವು. ಮರದ ಮೂರು ಗಾಲಿಯ ತಳ್ಳುಗಾಡಿ ಅವುಗಳಲ್ಲಿ ಮುಖ್ಯವಾದುದು. ಮಗು ಅದರ ಹಿಡಿಯನ್ನು ಹಿಡಿದು, ತನ್ನ ಭಾರವನ್ನು ತಾನೇ ಹೊತ್ತು, ಮುಂದಕ್ಕೆ ತಳ್ಳಬೇಕು. ಒಳಗೆ ಕೂರಿಸಿ ಬಿಡುವ ಈಚಿನ ಪ್ಲಾಸ್ಟಿಕ್ ವಾಕರಿಗೂ ಇದಕ್ಕೂ ಬಹಳ ವ್ಯತ್ಯಾಸವಿದೆ. ಅದರಲ್ಲಿ ಮಗು ತೂಗಿಕೊಂಡಿರುತ್ತದೆ, ತೋಲನವನ್ನು ಕಲಿಯುವುದಿಲ್ಲ. ಉರುಳಿಬಿದ್ದು ಗಾಯವಾಗುವ ಅಪಾಯದಿಂದಾಗಿ ಕೆನಡಾ ದೇಶ 2004ರಲ್ಲಿ ಅಂಥ ವಾಕರುಗಳನ್ನೇ ನಿಷೇಧಿಸಿತು.

ಕಾಲಿಗೆ ಕಟ್ಟುವ ಗೆಜ್ಜೆ ಅಲಂಕಾರ ಮಾತ್ರವಲ್ಲ. ಪ್ರತಿ ಹೆಜ್ಜೆಯೂ ದನಿಯಾಗಿ ಮಗುವಿನ ಕಿವಿಗೆ ಮರಳುತ್ತದೆ. ಸ್ವಲ್ಪ ದೊಡ್ಡದಾದ ಮೇಲೆ ಕುಂಟೆಬಿಲ್ಲೆ ಬರುತ್ತದೆ. ಒಂಟಿಗಾಲಿನಲ್ಲಿ ನಿಂತು, ಗೆರೆ ತುಳಿಯದೆ, ಬಿಲ್ಲೆಯನ್ನು ನೂಕುತ್ತಾ ಮನೆಯಿಂದ ಮನೆಗೆ ಹಾರುವ ಈ ಆಟ ತೋಲನ ಕಲಿಸುವ ಪಾಠವೇ ಸರಿ. ಮಕ್ಕಳ ಚಲನಶಕ್ತಿಯನ್ನು ಅಳೆಯಲು ಕೆನಡಾದ ಸಂಶೋಧಕರು 1989ರಲ್ಲಿ ಪ್ರಕಟಿಸಿದ, ಇಂದು ಅನೇಕ ದೇಶಗಳಲ್ಲಿ ಬಳಕೆಯಲ್ಲಿರುವ ಮಾಪನವೊಂದಿದೆ. 60 ಸೆಂಟಿಮೀಟರ್ ಅಗಲದ ವೃತ್ತದೊಳಗೆ ಒಂದೇ ಕಾಲಿನಲ್ಲಿ 10 ಸಲ ಕುಪ್ಪಳಿಸುವುದು ಅದರ ಕೊನೆಯ ಕಠಿಣ ಪರೀಕ್ಷೆಗಳಲ್ಲೊಂದು. ನಮ್ಮ ಓಣಿಯ ಹುಡುಗಿಯರು ಸೀಮೆಸುಣ್ಣದಲ್ಲಿ ಬರೆದುಕೊಂಡ ಪರೀಕ್ಷೆಯೂ ಇದಕ್ಕೆ ದೂರವಾದುದಲ್ಲ.

ಇಲ್ಲಿ ಹೆಳವರನ್ನೂ ನೆನೆಯಬೇಕು. ಉತ್ತರ ಕರ್ನಾಟಕದ ಒಕ್ಕಲು ಮನೆತನಗಳ ವಂಶಾವಳಿಯನ್ನು ಹೇಳುತ್ತಾ ಬಂದ ಈ ಸಮುದಾಯದ ಹೆಸರೇ ಕಾಲಿಲ್ಲದವನೆಂಬ ಅರ್ಥದ್ದು. ತಮ್ಮ ಮೂಲಪುರುಷ ನಡೆಯಲಾರದವನಾಗಿದ್ದನೆಂದೂ ಎತ್ತನ್ನೇರಿ ಊರೂರು ತಿರುಗಿದನೆಂದೂ ಅವರು ಹೇಳಿಕೊಳ್ಳುತ್ತಾರೆ. ಆ ಕಥನದಲ್ಲಿ ಕಾಲಿಲ್ಲದವನು ಮೂಲೆ ಸೇರಿಲ್ಲ. ಊರಿನ ನೆನಪನ್ನು ಕಾಯುವವನಾಗಿದ್ದಾನೆ. ಎತ್ತು ಅವನ ವಾಹನ. ಇಂದಿನ ಮಾತಿನಲ್ಲಿ ಹೇಳುವುದಾದರೆ ಅದೇ ಅವನ ಸಹಾಯಕ ಸಾಧನ.

2. ಗ್ರಹಣ ಮತ್ತು ಮಣ್ಣು

ಇಷ್ಟೆಲ್ಲ ಗಮನಿಸಿದ ಸಮಾಜವೇ ನಡೆಯಲಾರದ ಮಗುವಿನ ಮುಂದೆ ನಿಂತಾಗ ಬೇರೆ ದಾರಿ ಹಿಡಿಯಿತು. ಆ ಮಗುವಿಗೆ ಗಾಡಿಯೂ ಸಿಗಲಿಲ್ಲ, ಆಟವೂ ಸಿಗಲಿಲ್ಲ. ಹರಕೆ ಮತ್ತು ಆಚರಣೆಗಳು ಸಿಕ್ಕವು. ಗ್ರಹಣ ಕಾಲದಲ್ಲಿ ಮಗುವನ್ನು ಮಣ್ಣಿನಲ್ಲಿಯೋ ತಿಪ್ಪೆಯಲ್ಲಿಯೋ ಹೂತು ನಿಲ್ಲಿಸಿದರೆ ಕಾಲಿಗೆ ಬಲ ಬರುತ್ತದೆಂಬ ನಂಬಿಕೆ ಅಂಥದ್ದು. 2019ರ ಡಿಸೆಂಬರ್ 26ರ ಸೂರ್ಯಗ್ರಹಣದ ದಿನ ಕಲಬುರಗಿ ಸಮೀಪದ ತಾಜಸುಲ್ತಾನಪುರದಲ್ಲಿ ಅಂಗವಿಕಲ ಮಕ್ಕಳನ್ನು ಕುತ್ತಿಗೆಯವರೆಗೆ ಮಣ್ಣಿನಲ್ಲಿ ಹೂತಿದ್ದುದು ಪತ್ರಿಕೆಗಳಲ್ಲಿ ವರದಿಯಾಗಿ ನಾಡಿನ ಗಮನ ಸೆಳೆಯಿತು.

ನನಗೆ ಅದು ಹೊಸ ಸುದ್ದಿಯಾಗಿರಲಿಲ್ಲ. ಹತ್ತು ವರ್ಷ ಮೊದಲು, 2009ರ ಜುಲೈ 22ರ ಗ್ರಹಣದ ಬೆಳಗಿನ ಜಾವ, ಸಂಶೋಧನ ವಿದ್ಯಾರ್ಥಿನಿಯಾಗಿ ಆ ಸೀಮೆಯ ಹಳ್ಳಿಯೊಂದರಲ್ಲಿದ್ದೆ. ಸುಮಾರು ಎರಡು ವರ್ಷದ ಗಂಡುಮಗುವನ್ನು ಸೊಂಟದವರೆಗೆ ಹೂತು ತಾಯಿ ಪಕ್ಕದಲ್ಲಿ ಕುಳಿತಿದ್ದಳು. ಮಗು ಅಳುತ್ತಿತ್ತು. ಗುಂಡಿಯ ಆಳ, ಮಣ್ಣಿನ ಬಗೆ, ಬಳಸಿದ ಬೇವಿನ ಸೊಪ್ಪು, ಹೂತ ಮತ್ತು ತೆಗೆದ ಹೊತ್ತು ಎಲ್ಲವನ್ನೂ ಬರೆದುಕೊಂಡೆ. ಹೂಳುವ ಮೊದಲು ಮಗುವಿನ ಚಿತ್ರವನ್ನೂ ತೆಗೆದೆ. “ನಿಮ್ಮ ಪುಸ್ತಕದಾಗ ಬರದ್ರ ನನ್ನ ಮಗ ನಡೀತಾನೇನವ್ವಾ?” ಎಂದು ಆಕೆ ಕೇಳಿದಳು. ನಾನು ನಕ್ಕು ಸುಮ್ಮನಾದೆ. ನನ್ನ ಪ್ರಬಂಧದಲ್ಲಿ ಆ ಬೆಳಗು ನಂಬಿಕೆಗಳ ಅಧ್ಯಾಯದ ಒಂದು ಪುಟವಾಯಿತು.

ಕೆಲವು ವರ್ಷಗಳ ಅನಂತರ ಆ ಚಿತ್ರವನ್ನು ಪರಿಚಯದ ಮೂಳೆವೈದ್ಯರೊಬ್ಬರು ನೋಡಿದರು. ಎರಡೂ ಪಾದಗಳು ಒಳಕ್ಕೆ ತಿರುಗಿದ್ದುದನ್ನು ತೋರಿಸಿ, ಇದು ಹುಟ್ಟಿನಿಂದ ಬಂದ ಕ್ಲಬ್ ಫುಟ್ ಇದ್ದಂತಿದೆ, ವಾರಕ್ಕೊಂದು ಪಟ್ಟಿ ಹಾಕಿದ್ದರೆ ಸರಿಯಾಗುತ್ತಿತ್ತು ಎಂದರು. ಆ ಹೊತ್ತಿಗೆ ಆ ಕುಟುಂಬ ಕೂಲಿ ಅರಸಿ ಊರು ಬಿಟ್ಟಿತ್ತು. ಆ ಮಗುವನ್ನು ವೈದ್ಯರಿಗೆ ತೋರಿಸಿದ್ದೀರಾ ಎಂಬ ಒಂದು ಪ್ರಶ್ನೆಯನ್ನು ಆ ದಿನ ನಾನು ಕೇಳಿರಲಿಲ್ಲ. ನನ್ನ ಪ್ರಶ್ನಾವಳಿಯಲ್ಲಿ ಅದಕ್ಕೆ ಜಾಗವೇ ಇರಲಿಲ್ಲ. ಈ ಲೇಖನದ ಹಿಂದಿರುವುದು ಆ ಕೇಳದ ಪ್ರಶ್ನೆ.

3. ಕಾರಣಗಳು

ಒಂದು ಕಾಲಕ್ಕೆ ಹಳ್ಳಿಗಳಲ್ಲಿ ಮಕ್ಕಳ ಕುಂಟುತನಕ್ಕೆ ಪೋಲಿಯೊ ದೊಡ್ಡ ಕಾರಣವಾಗಿತ್ತು. 1995ರಲ್ಲಿ ಆರಂಭವಾದ ಪಲ್ಸ್ ಪೋಲಿಯೊ ಕಾರ್ಯಕ್ರಮದ ಫಲವಾಗಿ 2011ರ ಜನವರಿಯ ಅನಂತರ ಭಾರತದಲ್ಲಿ ವೈಲ್ಡ್ ಪೋಲಿಯೊ ವೈರಸ್ಸಿನ ಪ್ರಕರಣ ಕಂಡುಬಂದಿಲ್ಲ. 2014ರ ಮಾರ್ಚ್ 27ರಂದು ವಿಶ್ವ ಆರೋಗ್ಯ ಸಂಸ್ಥೆಯ ಆಗ್ನೇಯ ಏಷ್ಯಾ ವಲಯ ಪೋಲಿಯೊಮುಕ್ತವೆಂದು ಘೋಷಿತವಾಯಿತು. ಇಂದು ಮುಖ್ಯವಾಗಿ ಕಾಣುವವು ಸೆರೆಬ್ರಲ್ ಪಾಲ್ಸಿ ಅಂದರೆ ಮೆದುಳಿನ ಪಾರ್ಶ್ವವಾಯು, ಕ್ಲಬ್ ಫುಟ್, ಸ್ನಾಯುಕ್ಷಯ, ಬೆನ್ನುಹುರಿಯ ಜನ್ಮಜಾತ ದೋಷಗಳು, ಸೊಂಟದ ಕೀಲು ಜಾರುವಿಕೆ ಮುಂತಾದವು.

ಇವುಗಳಲ್ಲಿ ಸೆರೆಬ್ರಲ್ ಪಾಲ್ಸಿಯ ಸ್ವರೂಪವನ್ನು ತಿಳಿಯುವುದು ಅಗತ್ಯ. ಬೆಳೆಯುತ್ತಿರುವ ಮೆದುಳಿಗೆ ಗರ್ಭದಲ್ಲಿ, ಹೆರಿಗೆಯ ಸಮಯದಲ್ಲಿ ಅಥವಾ ಎಳವೆಯಲ್ಲಿ ಆದ ಪೆಟ್ಟು ಇದಕ್ಕೆ ಕಾರಣ. ಪೆಟ್ಟು ಮೆದುಳಿಗೆ, ಅದರ ಪರಿಣಾಮ ಕಾಣುವುದು ಕಾಲಿನಲ್ಲಿ. ಮೆದುಳಿನ ಗಾಯ ತಾನಾಗಿ ಹೆಚ್ಚುವುದಿಲ್ಲ. ಆದರೆ ಬಿಗಿದ ಸ್ನಾಯು ಮೂಳೆಯಷ್ಟು ವೇಗವಾಗಿ ಬೆಳೆಯದ ಕಾರಣ ಕಾಲು ವರ್ಷದಿಂದ ವರ್ಷಕ್ಕೆ ಸೆಟೆದುಕೊಳ್ಳುತ್ತದೆ. ಆದ್ದರಿಂದ ಕಾಯುವುದು ಇಲ್ಲಿ ನಷ್ಟವೇ.

4. ನಡಿಗೆಯನ್ನು ಅಳೆದ ಬಗೆ

ಬರಿಗಣ್ಣಿಗೆ ನಡಿಗೆ ಪೂರ್ಣವಾಗಿ ಸಿಗುವುದಿಲ್ಲ. ಒಂದು ಹಿಮ್ಮಡಿ ನೆಲ ಮುಟ್ಟಿದ ಕ್ಷಣದಿಂದ ಅದೇ ಹಿಮ್ಮಡಿ ಮತ್ತೆ ನೆಲ ಮುಟ್ಟುವವರೆಗಿನ ಅವಧಿಯನ್ನು ನಡಿಗೆಯ ಒಂದು ಆವರ್ತ ಎನ್ನುತ್ತಾರೆ. ಅದರ ಸುಮಾರು ಶೇ. 60 ಭಾಗ ಆ ಪಾದ ನೆಲದ ಮೇಲಿರುತ್ತದೆ, ಶೇ. 40 ಭಾಗ ಗಾಳಿಯಲ್ಲಿ ತೂಗುತ್ತದೆ. ಇದೆಲ್ಲವೂ ಸುಮಾರು ಒಂದು ಸೆಕೆಂಡಿನಲ್ಲಿ ಮುಗಿದುಹೋಗುತ್ತದೆ. ಅಷ್ಟರೊಳಗೆ ಸೊಂಟ, ಮಂಡಿ, ಗಿಣ್ಣು ಮೂರೂ ಬಾಗಿ ನೆಟ್ಟಗಾಗುತ್ತವೆ.

ಈ ಕ್ಷಣಿಕತೆಯನ್ನು ಹಿಡಿಯುವ ಪ್ರಯತ್ನ 19ನೆಯ ಶತಮಾನದಲ್ಲಿಯೇ ನಡೆಯಿತು. ಫ್ರಾನ್ಸಿನ ಎತಿಯೆನ್ ಜೂಲ್ ಮರೇ 1880ರ ದಶಕದಲ್ಲಿ ಚಲನೆಯ ಸರಣಿ ಚಿತ್ರಗಳನ್ನು ಒಂದೇ ಫಲಕದ ಮೇಲೆ ಮೂಡಿಸಿದರು. ಅಮೆರಿಕದಲ್ಲಿ ಎಡ್ವರ್ಡ್ ಮೈಬ್ರಿಜ್ 1887ರಲ್ಲಿ ಪ್ರಕಟಿಸಿದ ಚಿತ್ರಸಂಪುಟಗಳಲ್ಲಿ ನಡಿಗೆಯ ತೊಂದರೆಯುಳ್ಳವರ ಚಿತ್ರಗಳೂ ಸೇರಿದ್ದವು. ಜರ್ಮನಿಯ ಲೈಪ್‌ಜಿಗ್‌ನಲ್ಲಿ ಬ್ರೌನೆ ಮತ್ತು ಫಿಶರ್ 1890ರ ದಶಕದಲ್ಲಿ ನಡಿಗೆಯನ್ನು ಮೂರು ಆಯಾಮಗಳಲ್ಲಿ ಲೆಕ್ಕಹಾಕಿದರು. 20ನೆಯ ಶತಮಾನದ ಉತ್ತರಾರ್ಧದಲ್ಲಿ ಕ್ಯಾಲಿಫೋರ್ನಿಯಾದ ವೈದ್ಯೆ ಜಾಕ್ವೆಲಿನ್ ಪೆರಿ ಸ್ನಾಯುಗಳು ನಡಿಗೆಯ ಯಾವ ಹಂತದಲ್ಲಿ ದುಡಿಯುತ್ತವೆ ಎಂಬುದನ್ನು ಶೋಧಿಸಿದರು. ಡೇವಿಡ್ ಸದರ್‌ಲ್ಯಾಂಡ್ 1980ರಲ್ಲಿ 1ರಿಂದ 7 ವರ್ಷದ ಮಕ್ಕಳ ನಡಿಗೆ ಪಕ್ವವಾಗುವ ಕ್ರಮವನ್ನು ವಿವರಿಸಿದರು. ಜೇಮ್ಸ್ ಗೇಜ್ ಈ ತಿಳಿವನ್ನು ಸೆರೆಬ್ರಲ್ ಪಾಲ್ಸಿಯ ಮಕ್ಕಳ ಶಸ್ತ್ರಚಿಕಿತ್ಸೆಗೆ ಅಳವಡಿಸಿದವರಲ್ಲಿ ಪ್ರಮುಖರು.

ಇಂದಿನ ನಡಿಗೆ ಪ್ರಯೋಗಾಲಯವೆಂದರೆ ಒಂದು ಉದ್ದನೆಯ ಹಜಾರ. ಮಗುವಿನ ಸೊಂಟ, ತೊಡೆ, ಮಂಡಿ, ಗಿಣ್ಣು, ಪಾದಗಳಿಗೆ ಬೆಳಕನ್ನು ಹಿಂತಿರುಗಿಸುವ ಸಣ್ಣ ಗುಂಡುಗಳನ್ನು ಅಂಟಿಸುತ್ತಾರೆ. ಸುತ್ತಲಿನ ಇನ್‌ಫ್ರಾರೆಡ್ ಕ್ಯಾಮೆರಾಗಳು ಆ ಗುಂಡುಗಳ ಸ್ಥಾನವನ್ನು ಸೆಕೆಂಡಿಗೆ ನೂರು ಸಲ ಅಥವಾ ಅದಕ್ಕೂ ಹೆಚ್ಚು ಸಲ ದಾಖಲಿಸುತ್ತವೆ. ನೆಲದಲ್ಲಿ ಹುದುಗಿಸಿದ ಬಲಮಾಪಕ ಫಲಕಗಳು ಪಾದ ನೆಲವನ್ನು ಎಷ್ಟು ಬಲದಿಂದ, ಯಾವ ದಿಕ್ಕಿಗೆ ಒತ್ತಿತೆಂದು ಹೇಳುತ್ತವೆ. ಚರ್ಮದ ಮೇಲಿನ ವಿದ್ಯುದಗ್ರಗಳು ಯಾವ ಸ್ನಾಯು ಯಾವಾಗ ದುಡಿಯಿತೆಂದು ತೋರಿಸುತ್ತವೆ. ಈ ಮೂರು ದಾಖಲೆಗಳನ್ನು ಕೂಡಿಸಿ, ತೊಂದರೆಯಿಲ್ಲದ ಮಕ್ಕಳ ನಡಿಗೆಯ ರೇಖೆಗಳೊಡನೆ ಹೋಲಿಸಲಾಗುತ್ತದೆ. ಮಗುವಿಗೆ ಇದರಿಂದ ನೋವಿಲ್ಲ. ಅದು ಮಾಡಬೇಕಾದುದು ನಡೆಯುವುದಷ್ಟೇ.

5. ಒಂದು ನಿದರ್ಶನ: ತುದಿಗಾಲು

ಇಷ್ಟು ಅಳತೆಯ ಅಗತ್ಯವೇನು ಎಂಬ ಪ್ರಶ್ನೆ ಸಹಜ. ತುದಿಗಾಲಿನ ನಡಿಗೆ ಇದಕ್ಕೆ ಉತ್ತರ ಕೊಡುತ್ತದೆ. ಸೆರೆಬ್ರಲ್ ಪಾಲ್ಸಿಯುಳ್ಳ ಇಬ್ಬರು ಮಕ್ಕಳು ತುದಿಗಾಲಿನಲ್ಲಿ ನಡೆಯುತ್ತಿದ್ದಾರೆ ಎಂದಿಟ್ಟುಕೊಳ್ಳೋಣ. ನೋಡುವವರಿಗೆ ಎರಡೂ ಒಂದೇ. ಆದರೆ ಮೊದಲನೆಯ ಮಗುವಿನ ಮೀನಖಂಡ ಬಿಗಿದು ಗಿಣ್ಣೇ ಕೆಳಕ್ಕೆ ಬಾಗಿದೆ. ಎರಡನೆಯ ಮಗುವಿನ ಗಿಣ್ಣು ಸರಿಯಾದ ಕೋನದಲ್ಲಿಯೇ ಇದೆ. ಸೊಂಟ ಮತ್ತು ಮಂಡಿ ಬಾಗಿರುವುದರಿಂದ ಹಿಮ್ಮಡಿ ನೆಲಕ್ಕೆ ಎಟುಕುತ್ತಿಲ್ಲ.

ಈ ಭೇದವನ್ನು ತಿಳಿಯದೆ ಎರಡನೆಯ ಮಗುವಿನ ಹಿಮ್ಮಡಿಯ ಸ್ನಾಯುರಜ್ಜನ್ನು ಉದ್ದಮಾಡಿದರೆ ಮೀನಖಂಡ ಬಲ ಕಳೆದುಕೊಳ್ಳುತ್ತದೆ. ಮೊಣಕಾಲ ಕೆಳಗಿನ ಮೂಳೆಯನ್ನು ಹಿಂದಕ್ಕೆ ಹಿಡಿಯುವವರಿಲ್ಲದೆ ಅದು ಮುಂದಕ್ಕೆ ವಾಲುತ್ತದೆ, ಮಂಡಿ ಇನ್ನಷ್ಟು ಬಾಗುತ್ತದೆ, ಮಗು ಕುಕ್ಕರಿಸಿದಂತೆ ನಡೆಯತೊಡಗುತ್ತದೆ. ಹಿಮ್ಮಡಿ ನೆಲ ಮುಟ್ಟಿತೆಂದು ಮನೆಯವರು ಸಂತೋಷಪಡುವ ಹೊತ್ತಿಗೆ ಮಗು ಮೊದಲಿಗಿಂತ ಬೇಗ ದಣಿಯುತ್ತಿರುತ್ತದೆ. ಹಿಂದೆ ಇಂಥ ಮಕ್ಕಳಿಗೆ ವರ್ಷಕ್ಕೊಂದರಂತೆ ಶಸ್ತ್ರಚಿಕಿತ್ಸೆಗಳಾಗುತ್ತಿದ್ದವು. ಪ್ರತಿ ಹುಟ್ಟುಹಬ್ಬವೂ ಆಸ್ಪತ್ರೆಯಲ್ಲಿಯೇ ಎಂಬ ಅರ್ಥದಲ್ಲಿ ಟೊರೊಂಟೊದ ಮೂಳೆವೈದ್ಯ ಮರ್ಸರ್ ರ‍್ಯಾಂಗ್ ಇದನ್ನು ಹುಟ್ಟುಹಬ್ಬದ ಕಾಯಿಲೆ ಎಂದು ಕರೆದರು. ಅಳತೆಯ ಆಧಾರದಿಂದ ಅಗತ್ಯವಾದ ಎಲ್ಲ ತಿದ್ದುಪಡಿಗಳನ್ನೂ ಒಂದೇ ಸಲಕ್ಕೆ ಮಾಡುವ ಪದ್ಧತಿ ಆಮೇಲೆ ಬಂದಿತು.

ಜನಪದರ ಕಣ್ಣು ‘ತುದಿಗಾಲು’ ಎಂದು ಗುರುತಿಸಿದ್ದು ತಪ್ಪಲ್ಲ. ಆದರೆ ಆ ಒಂದು ಹೆಸರಿನೊಳಗೆ ಎರಡು ಕಾರಣಗಳು ಅಡಗಿವೆ ಎಂದು ತಿಳಿಯಲು ಅಳತೆ ಬೇಕಾಯಿತು.

6. ಸಾಧನ ಮತ್ತು ಅಭ್ಯಾಸ

ತಂತ್ರಜ್ಞಾನವೆಂದೊಡನೆ ದುಬಾರಿ ಯಂತ್ರಗಳನ್ನೇ ನೆನೆಯಬೇಕಾಗಿಲ್ಲ. ಕ್ಲಬ್ ಫುಟ್‌ಗೆ ಅಯೋವಾ ವಿಶ್ವವಿದ್ಯಾಲಯದ ಇಗ್ನೇಷಿಯೊ ಪೊನ್ಸೆಟಿ ರೂಪಿಸಿದ ಚಿಕಿತ್ಸೆಗೆ ಬೇಕಾದುದು ಪ್ಲಾಸ್ಟರ್ ಮತ್ತು ಪಳಗಿದ ಕೈ. ಪಾದವನ್ನು ಮೃದುವಾಗಿ ತಿರುಗಿಸಿ ವಾರಕ್ಕೊಮ್ಮೆ ಪಟ್ಟಿ ಹಾಕುತ್ತಾರೆ. ಸಾಮಾನ್ಯವಾಗಿ ಐದಾರು ಪಟ್ಟಿಗಳಲ್ಲಿ ಪಾದ ತಿದ್ದಿಬರುತ್ತದೆ. ಬಹುಪಾಲು ಮಕ್ಕಳಿಗೆ ಹಿಮ್ಮಡಿಯ ಸ್ನಾಯುರಜ್ಜಿಗೆ ಒಂದು ಚಿಕ್ಕ ಕೊಯ್ತ ಬೇಕಾಗುತ್ತದೆ. ಬಳಿಕ ಎರಡು ಬೂಟುಗಳನ್ನು ಕಂಬಿಯಿಂದ ಜೋಡಿಸಿದ ಸಾಧನವನ್ನು ಮೂರು ತಿಂಗಳು ದಿನಕ್ಕೆ 23 ಗಂಟೆ, ಅನಂತರ ಸುಮಾರು ನಾಲ್ಕು ವರ್ಷವಾಗುವವರೆಗೆ ಮಲಗುವಾಗ ತೊಡಿಸಬೇಕು. ಈ ಕೊನೆಯ ಹಂತವನ್ನು ಕೈಬಿಟ್ಟರೆ ಪಾದ ಮತ್ತೆ ತಿರುಗುತ್ತದೆ. ಹುಟ್ಟಿದ ಮೊದಲ ವಾರಗಳಲ್ಲಿಯೇ ತೊಡಗುವುದು ಉತ್ತಮ. ನಡೆಯುವ ವಯಸ್ಸು ದಾಟಿದ ಮಕ್ಕಳಲ್ಲಿಯೂ ಇದು ಫಲ ಕೊಟ್ಟಿದೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಪಾಸಣೆಯ ಪಟ್ಟಿಯಲ್ಲಿ ಕ್ಲಬ್ ಫುಟ್ ಸೇರಿದೆ.

ಸೆರೆಬ್ರಲ್ ಪಾಲ್ಸಿಯ ಮಕ್ಕಳಿಗೆ ಗಿಣ್ಣು ಮತ್ತು ಪಾದವನ್ನು ಸರಿಯಾದ ಕೋನದಲ್ಲಿ ಹಿಡಿಯುವ ಪ್ಲಾಸ್ಟಿಕ್ ಆಸರೆಗಳು, ಮುಂದಕ್ಕೆ ತಳ್ಳುವ ಬದಲು ಬೆನ್ನ ಹಿಂದೆ ಎಳೆದುಕೊಂಡು ಹೋಗುವ ನಡೆಗಾಡಿಗಳು, ಭಾರವನ್ನು ಸ್ವಲ್ಪ ಎತ್ತಿಹಿಡಿದು ಚಲಿಸುವ ಪಟ್ಟಿಯ ಮೇಲೆ ನಡೆಸುವ ಯಂತ್ರಗಳು ಬಳಕೆಯಲ್ಲಿವೆ. ಹಿಂದೆ ಎಳೆಯುವ ಗಾಡಿಯಲ್ಲಿ ಮಗು ಮುಂದಕ್ಕೆ ಬಾಗದೆ ನೆಟ್ಟಗೆ ನಿಲ್ಲಲು ಅನುಕೂಲ. ನಿಯತವಾದ ತಾಳವನ್ನು ಕೇಳಿಸುತ್ತಾ ನಡೆಸಿದರೆ ಹೆಜ್ಜೆ ಸುಧಾರಿಸುವುದನ್ನೂ ಅಧ್ಯಯನಗಳು ಕಂಡಿವೆ. ಗೆಜ್ಜೆ ಕಟ್ಟಿದವರಿಗೆ, ಕೋಲಾಟ ಆಡಿಸಿದವರಿಗೆ ಇದು ಅಚ್ಚರಿಯ ಮಾತಲ್ಲ.

ಈ ಎಲ್ಲ ಸಾಧನಗಳ ಹಿಂದೆ ಒಂದೇ ತತ್ತ್ವವಿದೆ. ನಡೆಯುವವರು ಎಡವುವರಲ್ಲದೆ ಕುಳಿತವರು ಎಡವುವರೇ ಎಂಬ ಗಾದೆ ನಮ್ಮದು. ನ್ಯೂಯಾರ್ಕ್ ವಿಶ್ವವಿದ್ಯಾಲಯದ ಕರೆನ್ ಅಡಾಲ್ಫ್ ಮತ್ತು ಸಂಗಡಿಗರು 2012ರಲ್ಲಿ ಪ್ರಕಟಿಸಿದ ಅಧ್ಯಯನ ಈ ಗಾದೆಗೆ ಲೆಕ್ಕ ಒದಗಿಸಿತು. ಹೊಸದಾಗಿ ನಡೆಯಲು ಕಲಿತ ಮಗು ಆಟವಾಡುವಾಗ ಗಂಟೆಗೆ ಸರಾಸರಿ 2,368 ಹೆಜ್ಜೆ ಇಡುತ್ತದೆ, 17 ಸಲ ಬೀಳುತ್ತದೆ. ಸಹಸ್ರಾರು ಹೆಜ್ಜೆಗಳ, ಹತ್ತಾರು ಬೀಳುಗಳ ಈ ಅಭ್ಯಾಸವೇ ನಡಿಗೆಯ ಗುರು. ತೊಂದರೆಯುಳ್ಳ ಮಗು ಕಳೆದುಕೊಳ್ಳುವುದು ಇದನ್ನೇ. ಕನಿಕರದಿಂದ ಅದನ್ನು ಎತ್ತಿಕೊಳ್ಳುತ್ತೇವೆ, ಬೀಳದಂತೆ ಮೂಲೆಯಲ್ಲಿ ಕೂರಿಸುತ್ತೇವೆ. ಎಣ್ಣೆ ನೀವುವುದು ಮಗುವಿಗೆ ಹಿತ ಕೊಡುತ್ತದೆ, ತಾಯಿ ಮಗುವನ್ನು ಹತ್ತಿರ ತರುತ್ತದೆ. ಆದರೆ ಮಗು ತಾನೇ ಮಾಡಿದ ಚಲನೆಗೆ ಅದು ಬದಲಿಯಾಗದು. ತನಗೆ ಬೇಕಾದ ಕೆಲಸವನ್ನು ಮಗು ತಾನೇ ಮತ್ತೆ ಮತ್ತೆ ಮಾಡುವ ಅಭ್ಯಾಸವೇ ಫಲಕಾರಿ ಎಂದು ಆಸ್ಟ್ರೇಲಿಯಾದ ಅಯೋನಾ ನೊವಾಕ್ ಮತ್ತು ಸಂಗಡಿಗರು 2013 ಮತ್ತು 2020ರಲ್ಲಿ ಮಾಡಿದ ಸಮಗ್ರ ವಿಮರ್ಶೆಗಳು ತಿಳಿಸಿವೆ.

ಎಲ್ಲ ಮಕ್ಕಳೂ ನಡೆದೇ ತೀರುತ್ತಾರೆಂಬ ಭರವಸೆಯನ್ನು ವಿಜ್ಞಾನ ಕೊಡುವುದಿಲ್ಲ. 1997ರಲ್ಲಿ ರಾಬರ್ಟ್ ಪಾಲಿಸಾನೊ ಮತ್ತು ಸಂಗಡಿಗರು ರೂಪಿಸಿದ ವರ್ಗೀಕರಣ ಸೆರೆಬ್ರಲ್ ಪಾಲ್ಸಿಯ ಮಕ್ಕಳನ್ನು ಐದು ಹಂತಗಳಲ್ಲಿ ಗುರುತಿಸುತ್ತದೆ. ಮೊದಲ ಹಂತದವರು ಆಸರೆಯಿಲ್ಲದೆ ನಡೆಯುತ್ತಾರೆ. ಐದನೆಯ ಹಂತದವರನ್ನು ಗಾಲಿಕುರ್ಚಿಯಲ್ಲಿ ಕರೆದೊಯ್ಯಬೇಕು. ಗಾಲಿಕುರ್ಚಿ ಸೋಲಿನ ಗುರುತಲ್ಲ. ತಲುಪಬೇಕಾದಲ್ಲಿಗೆ ತಲುಪುವುದು ಗುರಿ, ನಡಿಗೆ ಅದಕ್ಕೊಂದು ದಾರಿ. ಹೆಳವನ ಎತ್ತು ಹೇಳುವುದೂ ಇದನ್ನೇ.

7. ಜಾನಪದ ಅಧ್ಯಯನದ ಹೊಣೆ

ನಡಿಗೆ ಪ್ರಯೋಗಾಲಯಗಳು ದೊಡ್ಡ ನಗರಗಳಲ್ಲಿವೆ, ಮಕ್ಕಳು ಹಳ್ಳಿಗಳಲ್ಲಿದ್ದಾರೆ. ಈ ದೂರ ಈಗ ಸ್ವಲ್ಪ ತಗ್ಗುತ್ತಿದೆ. ಒಂದೇ ಕ್ಯಾಮೆರಾದ ಸಾಮಾನ್ಯ ವಿಡಿಯೊದಿಂದ ನಡಿಗೆಯ ಅಳತೆಗಳನ್ನು ಪಡೆಯಬಹುದೆಂದು ಸ್ಟ್ಯಾನ್‌ಫರ್ಡ್‌ನ ಸಂಶೋಧಕರು 2020ರಲ್ಲಿ, ಸೆರೆಬ್ರಲ್ ಪಾಲ್ಸಿಯ ಸಾವಿರಕ್ಕೂ ಹೆಚ್ಚು ರೋಗಿಗಳ ದಾಖಲೆಗಳ ಆಧಾರದಿಂದ ತೋರಿಸಿದರು. ಇದಕ್ಕೂ ಮೊದಲು ಹೈನ್ಸ್ ಪ್ರೆಖ್ಟಲ್ ಎಂಬ ವೈದ್ಯರು, ಅಂಗಾತ ಮಲಗಿದ ಮೂರರಿಂದ ಐದು ತಿಂಗಳ ಕೂಸಿನ ಸಹಜ ಚಲನೆಗಳನ್ನು ಕೆಲವು ನಿಮಿಷ ನೋಡಿ ಅಪಾಯವನ್ನು ಗುರುತಿಸುವ ವಿಧಾನವನ್ನು ರೂಪಿಸಿದ್ದರು. ಕೂಸನ್ನು ಮುಟ್ಟದೆ, ಸುಮ್ಮನೆ ನೋಡುವುದು ಅದರ ತಿರುಳು. ತೊಟ್ಟಿಲ ಬಳಿ ಕುಳಿತ ಅಜ್ಜಿಯೂ ನೋಡುತ್ತಲೇ ಇರುತ್ತಾಳೆ. ಏನನ್ನು ನೋಡಬೇಕೆಂದು ಆಕೆಗೆ ಯಾರೂ ಹೇಳಿಲ್ಲ.

ಹೇಳಬೇಕಾದ ಮಾತುಗಳು ಹೆಚ್ಚಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ 2006ರ ಅಧ್ಯಯನದಂತೆ ಆರೋಗ್ಯವಂತ ಮಕ್ಕಳು 8ರಿಂದ 18 ತಿಂಗಳೊಳಗೆ ಸ್ವತಂತ್ರವಾಗಿ ನಡೆಯುತ್ತಾರೆ. ಆ ಅವಧಿ ಮೀರಿದರೆ ತೋರಿಸಬೇಕು. ವರ್ಷ ತುಂಬುವ ಮೊದಲೇ ಮಗು ಒಂದೇ ಕೈಯನ್ನು ಬಳಸುತ್ತಿದ್ದರೆ ಎಡಚನೆಂದು ನಕ್ಕು ಬಿಡದೆ ತೋರಿಸಬೇಕು. ಸದಾ ತುದಿಗಾಲಿನಲ್ಲಿದ್ದರೆ, ಹುಟ್ಟಿದಾಗಲೇ ಪಾದ ತಿರುಗಿದ್ದರೆ ತೋರಿಸಬೇಕು. ಈ ಮಾತುಗಳನ್ನು ಆಯಾ ಸೀಮೆಯ ನುಡಿಯಲ್ಲಿ, ಅಲ್ಲಿಯ ಹೆಂಗಸರು ಬಳಸುವ ಪದಗಳಲ್ಲಿಯೇ ಆಶಾ ಮತ್ತು ಅಂಗನವಾಡಿ ಕಾರ್ಯಕರ್ತೆಯರಿಗೆ ಒದಗಿಸುವುದು ಜಾನಪದ ವಿದ್ವಾಂಸರು ಮಾಡಬಹುದಾದ ಕೆಲಸ. ಪದಗಳು ನಮ್ಮ ಸಂಗ್ರಹದಲ್ಲಿವೆ. ಅವು ಕಪಾಟಿನಿಂದ ಓಣಿಗೆ ಮರಳಬೇಕು.

ನಂಬಿಕೆಯನ್ನು ದಾಖಲಿಸುವುದು ನಮ್ಮ ಶಾಸ್ತ್ರದ ಧರ್ಮ, ಅದನ್ನು ಹೀಯಾಳಿಸುವುದಲ್ಲ. ಮಗುವನ್ನು ಮಣ್ಣಿನಲ್ಲಿ ನಿಲ್ಲಿಸಿದ ತಾಯಿ ಕ್ರೂರಿಯಾಗಿರಲಿಲ್ಲ. ತನಗೆ ತಿಳಿದ ಒಂದೇ ಚಿಕಿತ್ಸೆಯನ್ನು ಮಾಡುತ್ತಿದ್ದಳು. ಬೇರೆ ಚಿಕಿತ್ಸೆ ಇದೆಯೆಂದು ಆಕೆಗೆ ಗೊತ್ತಿರಲಿಲ್ಲ. ಅದನ್ನು ಕೇಳಿ ತಿಳಿದು ಹೇಳಬಹುದಾಗಿದ್ದ ನಾನು ಟಿಪ್ಪಣಿ ಬರೆಯುತ್ತಿದ್ದೆ. ಈಗ ನನ್ನ ವಿದ್ಯಾರ್ಥಿಗಳು ಕ್ಷೇತ್ರಕಾರ್ಯಕ್ಕೆ ಹೊರಡುವಾಗ ಅವರ ಪ್ರಶ್ನಾವಳಿಯ ಕೊನೆಯಲ್ಲಿ ಒಂದು ಸಾಲನ್ನು ಸೇರಿಸುತ್ತೇನೆ: ಈ ಮಗುವನ್ನು ವೈದ್ಯರಿಗೆ ತೋರಿಸಲಾಗಿದೆಯೇ? ಇಲ್ಲವೆಂಬ ಉತ್ತರ ಬಂದರೆ ಆ ದಿನದ ಸಂಗ್ರಹಕಾರ್ಯ ಅಲ್ಲಿಗೆ ನಿಲ್ಲುತ್ತದೆ. ಮೊದಲು ಆ ಮಗುವನ್ನು ಆಸ್ಪತ್ರೆಗೆ ತಲುಪಿಸುವ ದಾರಿ ಹುಡುಕಬೇಕು.